ಕೆರೆಯ ದಂಡೆಗೆ ಬಂದ ಸಮುದ್ರ

ಕುರಿ ಸಾಕಿದವರಿಗೆ ಉಣ್ಣಿಹುಳುವಿನ ಕಾಟ ಗೊತ್ತೇ ಇದೆ. ಎಪ್ಪತ್ತಾರರ ಬೇಸಿಗೆಯಲ್ಲಿ ಮಮದಾಪುರದ ಅಮಸಿದ್ದನ ಕುರಿಗಳಿಗೆ ಕಿವಿಯೊಳಗೂ ಹುಳು ಹತ್ತಿದ್ದವು. ಹತ್ತಿ ಬೆಳೆಗೆ ಹೊಡೆಯುವ ಕೀಟನಾಶಕ ಎಣ್ಣೆಯನ್ನು ನೀರಿಗೆ ಬೆರೆಸಿ ಹಚ್ಚು, ಒಂದೇ ದಿನಕ್ಕೆ ಉದುರುತ್ತವೆ ಎಂದು ಯಾರೋ ಹೇಳಿದರು. ಕೂದಲು ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯುವುದು ಕೆರೆಯಲ್ಲೇ ತಾನೆ. ಕೆರೆಯಲ್ಲಿ ಮೊಣಕಾಲುದ್ದ ನೀರಿತ್ತು. ಅಮಸಿದ್ದ ಎಣ್ಣೆ ಹಚ್ಚಿದ ಕುರಿಗಳನ್ನು ಅಲ್ಲೇ ಇಳಿಸಿ ತಿಕ್ಕಿ ತೊಳೆದ. ಡಬ್ಬಿಯನ್ನೂ ಅಲ್ಲೇ ಜಾಲಿಸಿದ.

ಅವನಿಗೆ ಯಾರೂ ಹೇಳಿರಲಿಲ್ಲ ಅನ್ನುವಂತಿಲ್ಲ. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಡೇರೆ ಹಾಕಿ ಮೂರು ದಿನ ಬರೀ ಸಮುದ್ರದ ಸಿನಿಮಾ ತೋರಿಸುತ್ತಿದ್ದರು. ಸಮುದ್ರವನ್ನು ಕೆಡಿಸಬೇಡಿ ಎನ್ನುವುದೇ ಆ ಚಿತ್ರೋತ್ಸವದ ಮಾತು. ಕಂಬಳಿ ಮಾರಲು ಅಲ್ಲಿಯ ಗಾಂಧಿ ಚೌಕಕ್ಕೆ ಹೋದಾಗ ಅಮಸಿದ್ದ ಪುಕ್ಕಟೆ ಎಂದು ಹಿಂದಿನ ಎರಡು ವರ್ಷವೂ ಡೇರೆಯೊಳಗೆ ಕೂತು ನೋಡಿದ್ದ. ಪರದೆಯ ಮೇಲೆ ಕಾರ್ಖಾನೆಯ ವಿಷ ಕಡಲಿಗೆ ಬೀಳುತ್ತಿತ್ತು. ದಂಡೆಯುದ್ದಕ್ಕೂ ಮೀನುಗಳು ಬಿಳೀ ಹೊಟ್ಟೆ ಮೇಲೆ ಮಾಡಿ ಸತ್ತುಬಿದ್ದಿದ್ದವು.

ಆಗ ಅವನು ಸಿನಿಮಾ ಯಂತ್ರ ನಡೆಸುವ ಪೀರಸಾಬನನ್ನು ಕೆಣಕಿದ್ದ. "ಸಮುದ್ರ ಎಲ್ಲಿ, ಮಮದಾಪುರ ಎಲ್ಲಿ? ಆ ಉಪ್ಪುನೀರ ತಗೊಂಡು ನನ್ನ ಕುರಿಗೆ ಕುಡಸ್ಲೇನು?"

"ನಗಬ್ಯಾಡೋ ತಮ್ಮಾ," ಎಂದಿದ್ದ ಪೀರಸಾಬ. "ಅಷ್ಟು ದೊಡ್ಡ ಸಮುದ್ರಕ್ಕ ವಿಷ ಅರಗಲಿಲ್ಲ. ನಿಮ್ಮ ಕೆರಿ ಎಷ್ಟರದು?"

ಕುರಿ ತೊಳೆದ ಮರುದಿನ ಬೆಳಿಗ್ಗೆ ಕೆರೆಯ ದಂಡೆಗೆ ಹೋದ ಅಮಸಿದ್ದ ನಿಂತಲ್ಲೇ ನಿಂತ. ಪರದೆಯ ಮೇಲೆ ಕಂಡದ್ದೇ ಎದುರಿಗಿತ್ತು. ಜನ ನಗುನಗುತ್ತ ಬುಟ್ಟಿಗೆ ಮೀನು ತುಂಬುತ್ತಿದ್ದರು. ಅವನಿಗೆ ಎಲ್ಲ ತಿಳಿಯಿತು. ಆದರೆ ಹೇಳಿದರೆ ಊರವರು ಹೊಡೆಯುತ್ತಾರೆ, ಇನ್ನು ಕೆರೆಗೆ ಕುರಿ ಇಳಿಸಗೊಡುವುದಿಲ್ಲ ಎಂದು ಹೆದರಿ ಮನೆಗೆ ಬಂದು ಮುಸುಕು ಹಾಕಿ ಮಲಗಿದ. ಮೈ ಬಿಸಿಯಿಲ್ಲ, ಏನಾಗ್ಯದ ಎಂದು ಹೆಂಡತಿ ಮಲಕವ್ವ ಕೇಳಿದಳು. ಅವಳಿಗೂ ಹೇಳಲಿಲ್ಲ.

ಮಧ್ಯಾಹ್ನ ತಡೆಯಲಾಗದೆ ಎದ್ದು, ತಾಯಿಯಿಲ್ಲದ ತನ್ನನ್ನು ಸಾಕಿದ ಚಿಕ್ಕಮ್ಮ ಹುಚ್ಚವ್ವನಿಗಾದರೂ ಹೇಳಬೇಕೆಂದು ಅವಳ ಮನೆಗೆ ಓಡಿದ. ಅವಳು ಒಲೆಯ ಮುಂದೆಯೇ ಕೂತಿದ್ದಳು.

"ಬಾ ಯಪ್ಪಾ. ನಿನಗ ಸೇರತಾವಂತ ಮೀನ ಮಾಡೀನಿ. ಹಸಿವಿ ತಡೀಲಿಲ್ಲ, ನಾ ಉಂಡಬಿಟ್ಟೆ. ನಿನ್ನ ಪಾಲ ಮುಚ್ಚಿಟ್ಟೀನಿ ನೋಡು."

ಅವನು ಬೀದಿಗೆ ಬಂದು ಕೂಗಿ ಕೂಗಿ ಹೇಳಿದ. ಕೆಲವರು ಬುಟ್ಟಿಯನ್ನು ತಿಪ್ಪೆಗೆ ಚೆಲ್ಲಿ ಮಣ್ಣು ಮುಚ್ಚಿದರು. ಹುಚ್ಚವ್ವನ ಬಾಯಲ್ಲಿ ಆಗಲೇ ನೊರೆ ಬಂದಿತ್ತು, ಕೈಕಾಲು ಸೆಟೆಯುತ್ತಿದ್ದವು. ಅವಳನ್ನು ಹಾಕಿಕೊಂಡ ಎತ್ತಿನ ಚಕ್ಕಡಿ ಬಬಲೇಶ್ವರದ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಯಿತು.

ಮುಂದಿನ ವರ್ಷ ಅಮಸಿದ್ದ ಮಲಕವ್ವನನ್ನೂ ಊರಿನ ಹತ್ತು ಮಂದಿಯನ್ನೂ ಆ ಡೇರೆಗೆ ಕರೆದೊಯ್ದ. ಸತ್ತ ಮೀನಿನ ದಂಡೆ ಬಂದಾಗ ಅವನು ತಲೆ ತಗ್ಗಿಸಿದ.

"ಇನ್ನ ಕುರಿಗಿ ಏನ ಹಚ್ಚೂದಿದ್ದರೂ ದನದ ಡಾಕ್ಟರಗ ಕೇಳೇ ಹಚ್ಚೂದು," ಎಂದಳು ಮಲಕವ್ವ.

ಅಕ್ಕಂದಿರೇ, ಅಣ್ಣಂದಿರೇ, ಬೆಳೆಗೆ ಹೊಡೆಯುವ ಎಣ್ಣೆ ದನಕುರಿಗಳಿಗಲ್ಲ. ಅದರ ಡಬ್ಬಿಯನ್ನೂ ಪಂಪನ್ನೂ ಕೆರೆ, ಹಳ್ಳ, ಬಾವಿಯಲ್ಲಿ ತೊಳೆಯಬೇಡಿ. ಹಳ್ಳದ ನೀರು ಹೊಳೆ ಸೇರಿ ಸಮುದ್ರಕ್ಕೇ ಹೋಗುತ್ತದೆ. ಸತ್ತು ತೇಲಿದ ಮೀನನ್ನು ಮನೆಗೆ ತರಬೇಡಿ. ತಪ್ಪು ನಡೆದುಹೋಗಿದ್ದರೆ ಕೂಡಲೇ ಬಾಯಿ ಬಿಡಿ, ಊರವರು ಬೈದರೆ ಬೈಯಲಿ. ಅಮಸಿದ್ದ ಬಾಯಿ ಬಿಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.