ದುಂಡನೆಯ ಕಣ್ಣುಪಾಪೆ

ಬಾರಾಮತಿಯ ಹೊಲದಲ್ಲಿ ಕಬ್ಬು ಕಡಿಸುವಾಗ ಸಿಕ್ಕ ಬೆಕ್ಕಿನ ಮರಿಯನ್ನು ಮಾವ ಅಪ್ಪಾಸಾಹೇಬರು ನಗರದ ಬಿಬವೇವಾಡಿಯ ಮನೆಗೆ ತಂದು, ದೊಡ್ಡ ಉಪಕಾರ ಮಾಡಿದವರ ಹಾಗೆ ಮೀಸೆ ತಿರುವಿದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸೊಸೆ ಮಾಧುರಿ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಬೆಕ್ಕಿನ ಕಣ್ಣುಪಾಪೆ ಬಿಸಿಲಿಗೆ ಸೀಳಿನಂತಾಗಬೇಕು. ಇದರದ್ದು ಚಿಕ್ಕದಾಯಿತು, ಆದರೆ ದುಂಡಗೇ ಉಳಿಯಿತು. ಕುಟುಂಬವೇನೋ ಬೆಕ್ಕಿನದೇ, ಆದರೆ ಕವಲು ಹುಲಿ ಚಿರತೆಗಳದು.

“ಮಾವಾರ, ಇದು ಬೆಕ್ಕಲ್ರಿ, ಚಿರತಿ ಮರಿ!”

“ನಿನ್ನ ಪುಸ್ತಕದ ಹುಚ್ಚು ಬಿಡವಾ,” ಮಾವ ನಕ್ಕರು. “ಅಲ್ಲೆ ಇನ್ನೂ ಎರಡ ಅದಾವ. ನಿಮ್ಮತ್ತಿ ಈಗ ಅವನ್ನ ತರಾಕ ಕಬ್ಬಿನ್ಯಾಗ ಹೋಗ್ಯಾಳ.”

ಮಾಧುರಿ ಕೂಡಲೇ ಅತ್ತೆಗೆ ಫೋನ್ ಮಾಡಿದಳು. ಅತ್ತೆ ಎತ್ತಿದರು.

“ಒಂದ್ ನಿಮಿಷ ತಡಿಯವಾ,” ಎಂದರು ಮೆಲ್ಲಗೆ. “ಹಿಂದ ಯಾರೋ ಬಂದಂಗಾತು.”