ಚಂದಮ್ಮ ಉಂಡ ಜೋಳ

ಅಂಬರಾಯ ತನ್ನ ಸತ್ತ ತಾಯಿಯ ಬಾಯನ್ನು ಎರಡು ಬೆರಳಿನಿಂದ ತೆರೆದು ಮೂಸಿ ನೋಡಿದ.

"ಏನ್ ಮಾಡ್ಲಿಕತ್ತೀದೋ ಹುಚ್ಚಾ?" ಪಕ್ಕದ ಮನೆಯ ಸೂಗಮ್ಮ ಅವನ ಕೈಗೆ ಬಡಿದಳು. "ಹಡದವ್ವನ ಹೆಣ ಅದು. ಸಂತ್ಯಾಗಿನ ದನ ಅಂತ ತಿಳದೇನು, ಬಾಯಿ ತೆರದು ನೋಡಾಕ?"

"ವಿಷದ ವಾಸನಿ ಬರ್ತದೇನು ನೋಡ್ಲಿಕತ್ತೀನಿ ಚಿಗವ್ವ."

"ಬಂತೇನು?"

ವಾಂತಿಯ ಹುಳಿ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಆದರೆ ವಾಸನೆ ಇಲ್ಲದ ವಿಷವೂ ಇರುತ್ತದೆ. ವಾಸನೆ ಬರುವಂಥದ್ದನ್ನು ಹಾಕಲು ಸರ್ಕಾರದವರೇನು ದಡ್ಡರೇ?

ಚಂದಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಎದೆಗೆ ಧೋತರದ ಪಟ್ಟಿ ಕಟ್ಟಿ, ಹಣೆತುಂಬ ವಿಭೂತಿ ಬಳಿದಿದ್ದರು. ರಾತ್ರಿ ವಾಂತಿ-ಭೇದಿ ಹತ್ತಿ, ಕೋಳಿ ಕೂಗುವುದರೊಳಗೆ ಮುಗಿದಿದ್ದಳು. ಕಾಗಿಣಾ ಹೊಳೆ ಊರೊಳಗೆ ಹೊಕ್ಕು ಇಳಿದು ವಾರವಾಗಿತ್ತು. ಮನೆಮನೆಯ ಜೋಳ ನೆನೆದು, ಮೊಳಕೆಯೊಡೆದು, ನಾರುತ್ತಿತ್ತು. ಚಾವಡಿಯ ಎತ್ತರದ ಕಟ್ಟೆಯ ಮೇಲೆ ಮಾತ್ರ ಸರ್ಕಾರದ ಕೆಂಪು ಜೋಳದ ಚೀಲಗಳು ಒಣಗಿಕೊಂಡು ನಿಂತಿದ್ದವು. ಒಂದರ ಹೊಲಿಗೆಯನ್ನೂ ಯಾರೂ ಬಿಚ್ಚಿರಲಿಲ್ಲ. ಅದನ್ನು ಮೊನ್ನೆ ಪಕ್ಕದ ಊರು ತೆಂಗಳಿಯಲ್ಲಿ ಉಂಡು ತೋರಿಸಿ ಬಂದವಳೇ ಹೀಗೆ ಗೋಡೆಗೆ ಒರಗಿ ಕುಳಿತ ಮೇಲೆ ಇನ್ನು ಯಾರು ಬಿಚ್ಚುತ್ತಾರೆ?

"ಹ್ವಾದ ಸಲದ ಜೋಳನ ಬ್ಯಾರಿ, ಈ ಸಲದ್ದ ಬ್ಯಾರಿ," ಎಂದ ಅಂಗಳದಲ್ಲಿ ಕುಳಿತ ಮುದುಕ ದೇವಿಂದ್ರಪ್ಪ. "ಹಡಗದಾಗ ತಿಂಗಳಾನುಗಟ್ಲೆ ಬರ್ತದಂತ. ಹುಳ ಹತ್ತಬಾರದು ಅಂತ ಏನ್ ಬೆರಸ್ಯಾರೋ ಯಾರಿಗ್ಗೊತ್ತು."

"ಹುಳಾನೇ ತಿನ್ಲಾರದ್ದ ನಾವು ತಿನ್ಬೇಕೇನು ಮುತ್ಯಾ?" ಎಂದನೊಬ್ಬ.

ಒಳಗಿಂದ ಕೂಸಿನ ಅಳು ಬಂತು. ಅಂಬರಾಯನ ಹೆಂಡತಿ, ಹಸಿ ಬಾಣಂತಿ ರತ್ನಾಬಾಯಿ ಎರಡು ದಿನದಿಂದ ಬರೀ ಬೆಲ್ಲದ ನೀರು ಕುಡಿದಿದ್ದಳು. ಕೂಸು ರಾತ್ರಿಯಿಡೀ ಚೀಪಿ ಚೀಪಿ ಅತ್ತಿತ್ತು. ಈಗ ಅಳುವುದಕ್ಕೂ ಅದರಲ್ಲಿ ಜೀವವಿರಲಿಲ್ಲ.

*

ಪೊಲೀಸ್ ಕಾರ್ಯಾಚರಣೆಯಾಗಿ, ನಿಜಾಮನ ಕಾಲ ಹೋಗಿ ಮೂರನೇ ವರ್ಷ ಮಳೆ ಕೈಕೊಟ್ಟಿತ್ತು. ಕೆಂಪು ಜೋಳ ಊರಿಗೆ ಮೊದಲು ಬಂದದ್ದು ಆಗ. ವಾಡಿ ಸ್ಟೇಶನ್ನಿನಿಂದ ಬಂಡಿಯಲ್ಲಿ ಬಂದ ಚೀಲ ಬಿಚ್ಚಿದಾಗ ಜನ ಹಿಂದೆ ಸರಿದರು. ಜೋಳವೆಂದರೆ ಮುತ್ತಿನಂತೆ ಬೆಳ್ಳಗಿರಬೇಕು. ಇದು ಒಣಗಿದ ರಕ್ತದ ಬಣ್ಣ. ತಿಂದರೆ ಹೆಂಗಸರು ಬಂಜೆಯಾಗುತ್ತಾರೆ, ಬಾಣಂತಿಯರ ಹಾಲು ಕೆಂಪಾಗುತ್ತದೆ ಎಂದರು. ಹೊಸ ಸರ್ಕಾರ ಮಂದಿಯನ್ನು ಕಡಿಮೆ ಮಾಡಲು ಕಳಿಸಿದೆ ಎಂದರು.

ಆಗ ಚಂದಮ್ಮ ಚಾವಡಿಯ ಮುಂದೆಯೇ ಮೂರು ಕಲ್ಲು ಹೂಡಿ ರೊಟ್ಟಿ ಬಡಿದಳು.

"ನಾ ಗಂಡ ಸತ್ತಾಕಿ. ಬಂಜಿ ಆದ್ರ ಯಾರಿಗೇನ್ ನಷ್ಟ?" ಎಂದು ನಗುತ್ತ ಉಂಡಳು. ಜನ ಮರುದಿನದವರೆಗೆ ಕಾದು, ಅವಳು ಹೊಲಕ್ಕೆ ಹೋಗುವುದನ್ನು ಕಂಡ ಮೇಲೆ ಚೀಲಕ್ಕೆ ಕೈಹಾಕಿದರು.

ಗಿರದಾವರ ಗುರುಲಿಂಗಪ್ಪ ಅದನ್ನು ಕಂಡಿದ್ದ. ಸೇಡಂ ಕಚೇರಿಯ ಆ ಅಧಿಕಾರಿಗೆ ಆಮೇಲೆ ಇದೊಂದು ಪದ್ಧತಿಯೇ ಆಯಿತು. ರಾವೂರದಲ್ಲಿ ಬೆಂಕಿ ಬಿದ್ದು ಕೇರಿ ಸುಟ್ಟರೂ, ಎಲ್ಲಿ ಹೊಳೆ ಹೊಕ್ಕರೂ, ಜೋಳದ ಬಂಡಿಯ ಮೇಲೆ ಚೀಲದ ಜೊತೆ ಚಂದಮ್ಮನೂ ಹೋಗಬೇಕು. ಸರ್ಕಾರದ ತಯಾರಿ ಅಷ್ಟೇ: ಚೀಲ, ತಕ್ಕಡಿ, ತಿಂದು ತೋರಿಸಲು ಒಬ್ಬ ಮುದುಕಿ.

"ನಿನಗ ಏನ್ ಹುಕಿ ಯವ್ವ?" ಎಂದು ಅಂಬರಾಯ ಜಗಳ ತೆಗೆಯುತ್ತಿದ್ದ. "ಅವರಿಗಿ ಬಾಯಿ ಇಲ್ಲೇನು?"

"ಅವರ ಬಾಯಿ ಮ್ಯಾಲ ಮಂದಿಗಿ ನಂಬಿಗಿ ಇಲ್ಲಲ್ಲೋ."

*

ನೆತ್ತಿಗೆ ಬಿಸಿಲು ಏರುವ ಮೊದಲೇ ಗುರುಲಿಂಗಪ್ಪ ಬಂದ. ಬೂಟು ಕೈಯಲ್ಲಿ, ಮೊಣಕಾಲತನಕ ಕೆಸರು. ಹಿಂದೆ ಒಬ್ಬ ಆಳು ಚೀಲ ಹೊತ್ತು ತಂದು ಅಂಗಳದಲ್ಲಿ ಇಳಿಸಿದ. ಗಿರದಾವರ ಹೆಣಕ್ಕೆ ಕೈಮುಗಿದು ಅಂಬರಾಯನ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

"ಭಾಳ ದೊಡ್ಡ ಜೀವ, ತಮ್ಮಾ. ಮಣ್ಣು ಮಾಡಿ ಬಂದ ಮಂದಿಗಿ ಈ ಜೋಳದ್ದೇ ರೊಟ್ಟಿ ಮಾಡಸು. ನೀ ಒಂದು ತುತ್ತು ಮೊದಲ ಉಂಡ್ರ ಊರು ಉಣ್ತದ. ಇಲ್ಲಂದ್ರ ಚೀಲ ಹಂಗೇ ಇರ್ತಾವ, ಮಂದಿ ಸಾಯ್ತಾರ."

ಹೆಣದ ಮನೆಗೆ ಬಂದವನು ಚೀಲ ಹೊರಿಸಿಕೊಂಡೇ ಬಂದಿದ್ದಾನೆ. ಅಂಬರಾಯ ಎದ್ದು ನಿಂತ.

"ನೀವೇ ಉಣ್ರಿ ಸಾಹೇಬ್ರ. ಇಲ್ಲೇ, ಎಲ್ಲಾರ ಮುಂದ."

ಗುರುಲಿಂಗಪ್ಪ ಸುತ್ತ ನೋಡಿದ. "ಇವತ್ತು ಶ್ರಾವಣ ಸೋಮವಾರ. ಉಪವಾಸ ಅದ ನಂದು."

"ಮೊನ್ನಿ ತೆಂಗಳ್ಯಾಗೂ ಉಂಡಿಲ್ಲಂತ ನೀವು," ಎಂದ ದೇವಿಂದ್ರಪ್ಪ. "ಅವತ್ತ ಶನಿವಾರ ಇತ್ತು."

"ಶನಿವಾರ ಹಣಮಪ್ಪಂದು."

"ಬೆಂಕಿ ಬಿದ್ದಾಗ ರಾವೂರದಾಗ ಗುರುವಾರ ಇತ್ರಿ," ಎಂದನೊಬ್ಬ ಹಿಂದಿನಿಂದ.

"ಬಿಡೋ, ಸಾಹೇಬ್ರಿಗಿ ದೇವರು ಭಾಳ ಮಂದಿ ಇದ್ದಾರ," ಎಂದ ಮುದುಕ. ಸಾವಿನ ಮನೆಯಲ್ಲಿ ನಗೆ ಎದ್ದಿತು. ಗುರುಲಿಂಗಪ್ಪ ಬೂಟು ಎತ್ತಿಕೊಂಡು ಚಾವಡಿಯ ಕಡೆ ನಡೆದ. ಚೀಲ ಅಲ್ಲೇ ಉಳಿಯಿತು.

ರತ್ನಾಬಾಯಿ ಬಾಗಿಲ ಮರೆಯಿಂದ ಕೇಳಿದಳು: "ಅದನ್ನ ಒಳಗ ಇಡ್ಲ್ಯಾ?"

"ಮುಟ್ಟಿದಿ ಅಂದ್ರ ಕೈ ಮುರೀತೀನಿ. ಕೂಸಿಗಿ ಹಾಲು ಕುಡಸಾಕಿ ನೀ."

"ಹಾಲು ಎಲ್ಲದ, ಕುಡಸಾಕ?"

ಅವನು ಚೀಲವನ್ನು ಕಾಲಿನಿಂದ ಗೋಡೆಯ ಕಡೆ ನೂಕಿ, ಹೆಣಕ್ಕೆ ಹೆಗಲು ಕೊಡಲು ಹೋದ.

*

ಬಾಣಂತಿಯೊಬ್ಬಳನ್ನು ಬಿಟ್ಟು ಊರೆಲ್ಲ ದಿಬ್ಬದ ಹೊಲಕ್ಕೆ ಬಂದಿತ್ತು. ಎಷ್ಟು ಆಳ ಅಗೆದರೂ ಕುಣಿಯಲ್ಲಿ ನೀರು ಒಸರುತ್ತಿತ್ತು. ಕೊನೆಗೆ ಜೋಳದ ಬಂಡಿ ಹೊಡೆಯುವ ನಬೀಸಾಬ್ ತನ್ನ ಮನೆಯಂಗಳದ ಶಹಾಬಾದಿ ಪರಸಿ ಕಲ್ಲೊಂದನ್ನು ಕಿತ್ತು ತಂದು ಕೆಳಗೆ ಹಾಸಿದ. ಚಂದಮ್ಮನನ್ನು ಅದರ ಮೇಲೆ ಕೂರಿಸಿದರು. ಮಡಿವಾಳಯ್ಯ ಸ್ವಾಮಿ ಮಂತ್ರ ಹೇಳಿ, ಹೆಣದ ತಲೆಯ ಮೇಲೆ ಪಾದವಿಟ್ಟು, ಮೊದಲ ಹಿಡಿ ಮಣ್ಣು ಹಾಕಿದ.

ಗುದ್ದಲಿ ತೊಳೆಯುವಾಗ ನಬೀಸಾಬ್ ಅಂಬರಾಯನನ್ನು ಪಕ್ಕಕ್ಕೆ ಕರೆದ.

"ತಮ್ಮಾ, ಜೋಳದ್ದು ತಪ್ಪಿಲ್ಲ. ತೆಂಗಳ್ಯಾಗ ಅಕ್ಕ ಉಂಡು ನೀರು ಕೇಳಿದ್ಳು. ಕೆಂಪು ಜೋಳ ಉಂಡ ಬಾಯಿಗಿ ಕೊಟ್ಟ ತಂಬಗಿ ಮೈಲಿಗಿ ಆಗ್ತದೋ ಏನೋ ಅಂತ ಒಬ್ಬಾಕೀನೂ ಕೊಡ್ಲಿಲ್ಲ. ಹೊಳಿ ಹೊಕ್ಕ ಬಾವಿಗಿ ತಾನೇ ಇಳದು, ಬೊಗಸಿಲೆ ಕುಡದ್ಳು. ಬ್ಯಾಡ ಅಂದೆ ನಾ."

"ನೀ ಕಂಡೇನು?"

"ಈ ಕಣ್ಣಿಲೇ ಕಂಡೀನಿ."

"ಬಂಡಿ ಬಾಡಗಿ ಕೊಡಾಂವ ಗಿರದಾವರ. ನೀ ಮತ್ತೇನ್ ಕಾಣ್ತಿ ಕಾಕಾ?"

ನಬೀಸಾಬ್, "ಅಕ್ಕ ಇದ್ದಿದ್ರ ನಿನ್ನ ಕಪಾಳಕ್ಕ ಹೊಡೀತಿದ್ಳು," ಎಂದು ಗುದ್ದಲಿ ಹೆಗಲಿಗೇರಿಸಿದ.

ಬಾವಿಯ ನೀರೋ, ಹಡಗಿನ ಜೋಳವೋ? ಅಂಬರಾಯನಿಗೆ ಯಾರ ಮಾತೂ ಒಳಗೆ ಇಳಿಯಲಿಲ್ಲ. ಊರು ಕಾಣುವ ತಿರುವಿನಲ್ಲಿ ಮುಂದಿದ್ದ ಸೂಗಮ್ಮ ಗಕ್ಕನೆ ನಿಂತಳು.

"ಯವ್ವಾ ಶಿವನೇ. ನಿಮ್ಮ ಮನ್ಯಾಗ ಒಲಿ ಹತ್ಯಾದಲ್ಲೋ."

ಊರಲ್ಲಿ ಬೇರೆಲ್ಲೂ ಇಲ್ಲದ ಹೊಗೆ ಅಂಬರಾಯನ ಮಾಳಿಗೆಯ ಬೆಳಕಿಂಡಿಯಿಂದ ಏಳುತ್ತಿತ್ತು. ಹೆಣ ಹೋದ ದಿನ, ಮಣ್ಣಿಗೆ ಹೋದವರು ಬಂದು ಕಾಲು ತೊಳೆಯುವ ಮೊದಲೇ ಒಲೆ ಹೊತ್ತಿಸುವುದೆಂದರೇನು? ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಂಬರಾಯನ ಕಿವಿ ಬೇರೆಯದನ್ನು ಹುಡುಕುತ್ತಿತ್ತು. ಕೂಸಿನ ಅಳು ಕೇಳುತ್ತಿರಲಿಲ್ಲ.

ಅವನು ಓಡಿದ.

ಅಂಗಳದ ಚೀಲದ ಬಾಯಿ ಬಿಚ್ಚಿತ್ತು. ಬೀಸುಕಲ್ಲಿನ ಸುತ್ತ ಕೆಂಪು ಹಿಟ್ಟು. ಬಾಗಿಲ ಹೊಸ್ತಿಲ ಒಳಗೆ ರತ್ನಾಬಾಯಿ ಕುಳಿತಿದ್ದಳು, ಕೂಸು ಸೆರಗಿನೊಳಗೆ.

"ತಿಂದೇನು?" ಅವನು ಬಾಗಿಲಲ್ಲೇ ನಿಂತು ಕೇಳಿದ.

"ಎರಡು ರೊಟ್ಟಿ. ನೀವು ಹೆಣ ಎತ್ತಿದ ಕೂಡ್ಲೇ ಬೀಸೀನಿ."

"ಸತ್ರ?"

"ಕೂಸು ಹಂಗೂ ಸಾಯ್ತಿತ್ತು." ಅವಳು ತಲೆ ಎತ್ತಲಿಲ್ಲ. "ಕೈ ಮುರೀತೀನಿ ಅಂದ್ರಲ್ಲ, ಮುರೀರಿ. ಕೂಸು ಮಲಗಿಸ್ತೀನಿ, ತಡೀರಿ."

ಅಷ್ಟರಲ್ಲಿ ಊರು ಅಂಗಳಕ್ಕೆ ಬಂದು ನಿಂತಿತ್ತು. ಒಲೆಯ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಮನೆಗೂ ಹೋಗಲಿಲ್ಲ. ಒಬ್ಬೊಬ್ಬರೇ ಕುಳಿತರು. ಸೆರಗಿನೊಳಗಿಂದ ಗುಟುಕು ಗುಟುಕಾಗಿ ನುಂಗುವ ಸದ್ದು ಬರುತ್ತಿತ್ತು. ಎಲ್ಲರೂ ಅದನ್ನೇ ಕೇಳುತ್ತಿದ್ದರು. ಸದ್ದು ನಿಂತಾಗ ದೇವಿಂದ್ರಪ್ಪ ಕುತ್ತಿಗೆ ಚಾಚಿದ. ಮತ್ತೆ ಸುರುವಾದಾಗ ಉಸಿರು ಬಿಟ್ಟ.

ಕೊನೆಗೆ ಕೂಸು ಮೊಲೆ ಬಿಟ್ಟು, ತುಟಿ ಸಡಿಲಿಸಿ, ನಿದ್ದೆಹೋಯಿತು. ಅದರ ಕಟಬಾಯಿಯಿಂದ ಹಾಲು ಇಳಿಯಿತು. ಸೂಗಮ್ಮ ಮೊಣಕಾಲ ಮೇಲೆ ಸರಿದು ಬಂದು ಆ ಹನಿಯನ್ನು ತೋರುಬೆರಳ ತುದಿಗೆ ತೆಗೆದುಕೊಂಡಳು. ಬಿಸಿಲಿಗೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ಬೆಳ್ಳಗಿತ್ತು.

ಅವಳು ಬೆರಳನ್ನು ಪಕ್ಕದವಳ ಮುಂದೆ ಹಿಡಿದಳು. ಅವಳು ನೋಡಿದ ಮೇಲೆ ಮತ್ತೊಬ್ಬಳ ಮುಂದೆ. ಹನಿ ಬೀಳದಂತೆ ಮೆಲ್ಲಗೆ, ಕೈ ಅಂಗಳದ ಉದ್ದಕ್ಕೂ ಸಾಗಿತು. ಅಂಬರಾಯನ ಮುಂದೆ ಬಂದಾಗ ಅವನೂ ಬಗ್ಗಿದ.