ಹತ್ತೊಂಬತ್ತನೆಯ ನಿಮಿಷದ ದನಿ

2001ರ ಮಾರ್ಚ್ 11, ಭಾನುವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಶಿವಮೊಗ್ಗದ ವಿನೋಬನಗರದಲ್ಲಿ ಆನಂದನ ಮನೆಯ ಹಾಲ್‌ನಲ್ಲಿ ತಿರುಗುತ್ತಿದ್ದ ಸಿ.ಡಿ.ಯಲ್ಲಿ ಆ ಹೆಂಗಸಿನ ದನಿ ಇರಲಿಲ್ಲ.

ಹಾಲೇಶ್ ಅವಲಕ್ಕಿ ತಟ್ಟೆ ಕೆಳಗಿಟ್ಟ. "ಹಿಂದಕ್ಕೆ ತಗೊಂಡು ಹೋಗು," ಎಂದ.

ಆನಂದ ರಿಮೋಟ್ ಒತ್ತಿದ. ಹದಿನೆಂಟನೆಯ ನಿಮಿಷ ದಾಟಿದ ಮೇಲೆ ಡ್ರಮ್ಸ್ ನಿಂತಿತು, ಗಿಟಾರ್ ನಿಂತಿತು, ಆರ್ಗನ್ ಒಂದೇ ಉಳಿದು ಸಣ್ಣದಾಗುತ್ತ ಬಂತು. ಇನ್ನೇನು ದನಿ ಏಳಬೇಕು ಅನ್ನುವಾಗ ಕೊಳಲು ಶುರುವಾಯಿತು. ಮೂರನೆಯ ಸಲ ಹಾಕಿದಾಗಲೂ ಅಷ್ಟೇ.

"ಇದು ಬೇರೆ ಪ್ರಿಂಟ್ ಇರಬೇಕು," ಎಂದ ಹಾಲೇಶ್.

"ಬೇರೆ ಪ್ರಿಂಟು ಅಂತೆ. ಕವರ್ ಓದು ಮಾರಾಯ. ತಂಡದಲ್ಲಿ ಐದು ಜನ. ಐದೂ ಗಡ್ಡದವರು."

ಹಾಲೇಶ್ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆನಂದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಇಬ್ಬರಿಗೂ ಪ್ರೊಗ್ರೆಸಿವ್ ರಾಕ್ ಹುಚ್ಚು. ಒಂದೊಂದು ಹಾಡು ಅರ್ಧ ಗಂಟೆ ಓಡುವ, ಏಳು ಮಾತ್ರೆಯಲ್ಲಿ ಶುರುವಾಗಿ ಹನ್ನೊಂದು ಮಾತ್ರೆಗೆ ಹೊರಳುವ ಆ ಇಂಗ್ಲಿಷ್ ಸಂಗೀತದಲ್ಲಿ ಯಾವುದು ಮುಖ್ಯ ಎಂಬ ಬಗ್ಗೆ ಮಾತ್ರ ಅವರು ಹತ್ತು ವರ್ಷದಿಂದ ಜಗಳವಾಡುತ್ತಿದ್ದರು. ಆನಂದನಿಗೆ ಡ್ರಮ್ಸ್ ಮತ್ತು ಲೆಕ್ಕಾಚಾರ. ಹಾಡುವವರು ಬಾಯಿ ತೆರೆದರೆ ಬೆಕ್ಕಿನ ಬಾಲ ತುಳಿದ ಹಾಗಾಗುತ್ತದೆ ಎನ್ನುತ್ತಿದ್ದ. ಹಾಲೇಶನಿಗೆ ಆರ್ಗನ್ ಬೇಕು, ಕೀಲಿ ಒತ್ತಿದರೆ ಒಳಗಿನ ಟೇಪು ಓಡಿ ನುಡಿಯುವ ಮೆಲೊಟ್ರಾನ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮಾತಿಲ್ಲದ ದನಿ ಬೇಕು. ಅದಕ್ಕೆ ಅವನ ಬಳಿ ಇದ್ದ ಸಾಕ್ಷಿ ಒಂದೇ ಕ್ಯಾಸೆಟ್ಟು. 1991ರಲ್ಲಿ ಗಾಂಧಿ ಬಜಾರಿನ ಶಿವಯೋಗಪ್ಪನ ರೆಕಾರ್ಡಿಂಗ್ ಅಂಗಡಿಯಲ್ಲಿ ಇದೇ ಆಲ್ಬಮ್ಮಿನ ಎಲ್.ಪಿ.ಯಿಂದ ತುಂಬಿಸಿಕೊಂಡದ್ದು. ಅದರ ಹತ್ತೊಂಬತ್ತನೆಯ ನಿಮಿಷದಲ್ಲಿ ವಾದ್ಯಗಳೆಲ್ಲ ಅಡಗಿ, ತೆಳ್ಳನೆಯ ಒಂದು ಗುಂಯ್ಗುಡುವಿಕೆಯ ಮೇಲೆ ಹೆಂಗಸೊಬ್ಬಳು ನಲವತ್ತು ಸೆಕೆಂಡ್ 'ಆ' ಎಂದು ಹಾಡುತ್ತಿದ್ದಳು. ನಡುವೆ ದನಿ ಒಂದು ಕೂದಲೆಳೆ ಕೆಳಗೆ ಜಾರಿ, ಮತ್ತೆ ಹತ್ತುತ್ತಿತ್ತು. ಆ ಜಾರುವ ಜಾಗ ಬಂದಾಗಲೆಲ್ಲ ಹಾಲೇಶನ ಮೈ ಜುಮ್ಮೆನ್ನುತ್ತಿತ್ತು. ಆನಂದನ ಬಾಯಿ ಮುಚ್ಚಿಸುತ್ತಿದ್ದದ್ದೂ ಅದೊಂದೇ ಜಾಗ.

"ಹತ್ತು ವರ್ಷ ನನ್ನ ತಲೆ ತಿಂದ್ಯಲ್ಲೋ," ಎಂದ ಆನಂದ. ಅವನ ಹೆಂಡತಿ ರಂಜಿನಿ ಅಡುಗೆಮನೆಯಿಂದಲೇ, "ಯಾರೋ ಹೆಂಗಸು ಕಾಣೆಯಾಗಿದ್ದಾಳೆ ಅಂದ್ರೆ ಪೊಲೀಸರಿಗೆ ಹೇಳಿ, ಅವಲಕ್ಕಿ ಯಾಕೆ ಬಿಡ್ತೀರಿ?" ಎಂದಳು. ಹಾಲೇಶ್ ನಗಲಿಲ್ಲ.

ಸೋಮವಾರ ಮೊದಲ ಶಿಫ್ಟ್ ಮುಗಿಸಿ, ಬಸ್ಸು ಹತ್ತಿ, ಮೂರೂವರೆಗೆ ಗಾಂಧಿ ಬಜಾರಿಗೆ ಬಂದ. ಶಿವಯೋಗಪ್ಪ ಈಗ ಹೆಚ್ಚಾಗಿ ವಾಚಿನ ಸೆಲ್ಲು, ಟಾರ್ಚು ಮಾರುತ್ತಿದ್ದ. ಕ್ಯಾಸೆಟ್ಟು ಹಾಕಿ ಕೇಳಿದ. ದನಿ ಬಂದ ಕೂಡಲೇ ತಲೆಯೆತ್ತಿದ.

"ಇದು ನಮ್ಮ ಹಿಂದಿನ ರೂಮು."

"ಏನು?"

"ನಮ್ಮ ರೂಮು ಹಾಲೇಶಪ್ಪ. ಫ್ಯಾನ್ ಸದ್ದು ಕೇಳಿ, ಟಕ್ ಟಕ್ ಅಂತಿದೆ. ಎಲ್.ಪಿ. ಒಂದು ಮಗ್ಗುಲು ಮುಗಿದಾಗ ತಿರುಗಿಸಿ ಹಾಕಬೇಕಲ್ಲ, ಆಗ ಕ್ಯಾಸೆಟ್ಟು ನಿಲ್ಲಿಸಬೇಕು. ನಿಲ್ಲಿಸೋದು ಮರೆತಿದ್ದೀನಿ. ಹಿಂದಿನ ರೂಮಲ್ಲಿ ದೇವರನಾಮ ರೆಕಾರ್ಡ್ ಮಾಡಿಸೋಕೆ ಬಂದೋರು ಗಂಟಲು ಸರಿಮಾಡ್ಕೋತಿದ್ರು. ಆ ಮೈಕೂ ಇದೇ ಮಿಕ್ಸರಿಗೆ."

"ದನಿಯ ಕೆಳಗೆ ಗುಂಯ್ ಅಂತ ಮೆಲೊಟ್ರಾನ್ ಇದೆಯಲ್ಲ."

"ಅದು ಶ್ರುತಿಪೆಟ್ಟಿಗೆ ಮಾರಾಯ. ಕರೆಂಟಿನದು."

ಹಾಲೇಶ್ ಕೌಂಟರ್ ಹಿಡಿದು ನಿಂತ. ಆ ಗುಂಯ್ಗುಡುವಿಕೆಯ ಬಗ್ಗೆ ಕ್ಯಾಂಟೀನಿನಲ್ಲಿ ಅವನು ಎಷ್ಟು ಜನರಿಗೆ ಪಾಠ ಮಾಡಿದ್ದ, ಮೆಲೊಟ್ರಾನಿನ ಒಂದೊಂದು ಕೀಲಿಯ ಹಿಂದೆಯೂ ಒಂದೊಂದು ಟೇಪು ಓಡುತ್ತದೆ ಎಂದು ಎಷ್ಟು ಸಲ ವಿವರಿಸಿದ್ದ.

"ಯಾರು ಅವರು?"

"ಜಗದಾಂಬಾ ಅಂತ. ನಿಮ್ಮ ಭದ್ರಾವತಿಯವರೇ. ಹೊಸಮನೆ ಬಡಾವಣೆಯಲ್ಲಿ ಮಕ್ಕಳಿಗೆ ಸಂಗೀತ ಹೇಳ್ಕೊಡ್ತಾರೆ."

ಹಾಲೇಶನ ಮನೆಯಿಂದ ಅಲ್ಲಿಗೆ ಸೈಕಲ್ಲಿನಲ್ಲಿ ಎಂಟು ನಿಮಿಷ.

ಮಂಗಳವಾರ ಸಂಜೆ ಐದಕ್ಕೆ ಅವನು ಅವರ ಬಾಗಿಲಲ್ಲಿದ್ದ. ಜಗದಾಂಬಾ ಅವರಿಗೆ ಐವತ್ತರ ಮೇಲೆ ವಯಸ್ಸು. ಪಾಠಕ್ಕೆ ಬಂದ ಮಕ್ಕಳು ಹೊರಡುವವರೆಗೆ ಕೂರಿಸಿ, ಆಮೇಲೆ ಅವನು ಹೇಳಿದ್ದನ್ನೆಲ್ಲ ಕೇಳಿದರು. ತಮ್ಮ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿಸಿ ಕಣ್ಣು ಮುಚ್ಚಿದರು. ಜಾರುವ ಜಾಗದಲ್ಲಿ ಅವರ ಮುಖ ಹುಳಿ ಕಚ್ಚಿದಂತಾಯಿತು.

"ಶ್ರುತಿ ಬಿಟ್ಟಿದೆ," ಎಂದರು.

"ಅದೇ ಮೇಡಂ ಚೆಂದ. ಅಲ್ಲಿ ಒಂಚೂರು ಇಳಿದು ಆಮೇಲೆ ಹತ್ತುತ್ತಲ್ಲ."

"ಇಳಿದದ್ದಲ್ಲಪ್ಪ, ಬಿದ್ದದ್ದು. ಆವತ್ತು ನೆಗಡಿ ಇತ್ತು ನಂಗೆ. ಯಾರ್ಯಾರು ಕೇಳಿದ್ದಾರೆ ಇದನ್ನ?"

ಅವನು ಲೆಕ್ಕ ಹಾಕಿ ಪ್ರಾಮಾಣಿಕವಾಗಿ ಹೇಳಿದ. ಆನಂದ, ಆನಂದನ ಮನೆಯವರು, ಕಾರ್ಖಾನೆಯಲ್ಲಿ ನಲವತ್ತು ಜನ, ಒಂದು ಸಲ ಯೂನಿಯನ್ ವಾರ್ಷಿಕೋತ್ಸವದ ದಿನ ಮೈಕಿನಲ್ಲಿ.

ಜಗದಾಂಬಾ ಗೋಡೆಗೆ ಒರಗಿದರು. "ಮೈಕಲ್ಲಿ," ಎಂದರು. "ನನ್ನ ಹೆಸರು ಹೇಳಿದ್ರಾ?" ಎಂದು ಕೇಳಿದರು.

"ನಿನ್ನೆ ತನಕ ನಂಗೇ ಗೊತ್ತಿರಲಿಲ್ಲ."

"ಸದ್ಯ."

"ಇದೊಂದೇ ಕಾಪಿ ಇರೋದು ಮೇಡಂ. ಹಾಕಿ ಹಾಕಿ ಅಲ್ಲಿ ಟೇಪು ಸುಕ್ಕಾಗಿದೆ, ಒಂದೊಂದು ಸಲ ಎಳೆಯುತ್ತೆ. ಇನ್ನೊಂದು ಕಾಪಿ ಮಾಡಿಸ್ಬೇಕು."

"ಹತ್ತು ನಿಮಿಷ ಕೂತಿರಿ. ಸರಿ ಮಾಡಿ ಕೊಡ್ತೀನಿ," ಎಂದು ಅವರು ಟೇಪ್ ರೆಕಾರ್ಡರನ್ನು ಒಳಕೋಣೆಗೆ ಎತ್ತಿಕೊಂಡು ಹೋದರು. ಸುಕ್ಕು ಬಿಡಿಸಲು ಹೋದರು ಎಂದುಕೊಂಡು ಹಾಲೇಶ್ ಕೂತ. ಒಳಗಿನಿಂದ ಮೊದಲು ಆರ್ಗನ್ ಕೇಳಿತು, ನಿಂತಿತು. ಮತ್ತೆ ಅದೇ ಆರ್ಗನ್, ಮತ್ತೆ ಮೌನ. ಆಮೇಲೆ ಶ್ರುತಿಪೆಟ್ಟಿಗೆಯ ಸದ್ದು, ಅದರ ಮೇಲೆ ಜಗದಾಂಬಾ ಅವರ ದನಿ. ಆ ದನಿಯನ್ನು ಎದುರಿಗೇ ಕೇಳುತ್ತಿದ್ದೇನಲ್ಲ ಎಂದು ಅವನಿಗೆ ಸಂತೋಷವಾಗಿ ಕಣ್ಣು ತುಂಬಿತು.

ಅವರು ಹೊರಗೆ ಬಂದು ಬಟನ್ ಒತ್ತಿದರು.

ಆರ್ಗನ್ ಸಣ್ಣದಾಯಿತು. ದನಿ ಎದ್ದಿತು. ಗೆರೆ ಎಳೆದಂತೆ ನೇರವಾಗಿತ್ತು, ತುಂಬಿತ್ತು, ಎಲ್ಲೂ ಜಾರಲಿಲ್ಲ. ಫ್ಯಾನಿನ ಟಕ್ ಟಕ್ ಇರಲಿಲ್ಲ. ಮುಂದೆ ಬರಬೇಕಾದ ಕೊಳಲಿನ ಮೊದಲ ಮೂರು ಸೆಕೆಂಡುಗಳೂ ಇರಲಿಲ್ಲ. ಹಳೆಯದರ ಮೇಲೆಯೇ ಅವರು ಹೊಸದಾಗಿ ಹಾಡಿ ತುಂಬಿಸಿದ್ದರು.

ಹಾಲೇಶ್ ಕ್ಯಾಸೆಟ್ಟನ್ನು ಹೊರತೆಗೆದು ನೋಡಿದ, ತಿರುಗಿಸಿ ನೋಡಿದ, ಮತ್ತೆ ಹಾಕಿದ. ಅದೇ ನೇರವಾದ ದನಿ.

"ಹಳೇದು," ಎಂದ.

"ಹೋಯ್ತು ಬಿಡಿ. ಇನ್ನು ಯಾರ ಮುಂದೆ ಬೇಕಾದ್ರೂ ಹಾಕಿ. ನನ್ನ ಹೆಸರೂ ಹೇಳಿ," ಎಂದರು ಜಗದಾಂಬಾ. ಹತ್ತು ವರ್ಷದ ಮಾನ ಉಳಿಸಿಕೊಂಡ ನೆಮ್ಮದಿ ಅವರ ಮುಖದಲ್ಲಿತ್ತು. "ಈಗ ಹೇಗಿದೆ, ಹೇಳಿ."

ಅವನು ಅವರ ಮುಖ ನೋಡಿದ.

"ಶ್ರುತಿ ಸರಿಯಾಗಿದೆ ಮೇಡಂ."

ಮಾರ್ಚ್ 18ರ ಭಾನುವಾರ ವಿನೋಬನಗರಕ್ಕೆ ಹೋಗುವಾಗ ಹಾಲೇಶ್ ಕ್ಯಾಸೆಟ್ಟು ಒಯ್ಯಲಿಲ್ಲ. ಆನಂದ ಸಿ.ಡಿ. ಹಾಕಿದ. ಇಬ್ಬರೂ ಹತ್ತೊಂಬತ್ತನೆಯ ನಿಮಿಷವನ್ನೂ ದಾಟಿ, ಪೂರ್ತಿ ಮೂವತ್ತೆಂಟು ನಿಮಿಷ ಕೂತು ಕೇಳಿದರು.